ಮಕ್ಕಳ ಮನಸ್ಸಿನ ಮೇಲೆ ಮನೆಯ ಮತ್ತು ಸಮಾಜದ ಹೊರೆ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪ್ರದೇಶದ ಒಂದು ನೋಟ

ಮಗುವಿಗೆ ಜ್ವರ ಬಂದರೆ ನಾವು ಅದೇ ದಿನ ವೈದ್ಯರ ಬಳಿಗೆ ಓಡುತ್ತೇವೆ. ಅದೇ ಮಗು ತಿಂಗಳುಗಟ್ಟಲೆ ಮಂಕಾಗಿ ಕುಳಿತರೆ, ಶಾಲೆಗೆ ಹೋಗಲು ಹೆದರಿದರೆ, ಕಾರಣವಿಲ್ಲದೆ ಸಿಡುಕಿದರೆ 'ಹಟಮಾರಿ' ಎನ್ನುತ್ತೇವೆ, 'ಸೋಮಾರಿ' ಎನ್ನುತ್ತೇವೆ, ಕೆಲವು ಕಡೆ 'ಗಾಳಿ ಸೋಕಿದೆ' ಎನ್ನುತ್ತೇವೆ. ಹೀಗೆ ಹೆಸರಿಟ್ಟು ಸುಮ್ಮನಾಗುವುದರಲ್ಲಿ ವರ್ಷಗಳು ಕಳೆದುಹೋಗುತ್ತವೆ. ಮಕ್ಕಳ ಮಾನಸಿಕ ತೊಂದರೆಗಳಿಗೂ ಅವರ ಮನೆ ಮತ್ತು ಸುತ್ತಲಿನ ಸಮಾಜಕ್ಕೂ ಇರುವ ನಂಟನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ. ಉದಾಹರಣೆಗಾಗಿ ಹೊಸಪೇಟೆ, ಹಂಪಿ, ಸಂಡೂರು ಮತ್ತು ಕಂಪ್ಲಿಗಳನ್ನು ಆರಿಸಿಕೊಂಡಿದ್ದೇವೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದ ಬಳಿಕ ಹೊಸಪೇಟೆ ಮತ್ತು ಹಂಪಿ ಹೊಸ ಜಿಲ್ಲೆಗೆ ಸೇರಿದವು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು.

ಕರಾವಳಿಯ ಓದುಗರಿಗೆ ಈ ಊರುಗಳು ಅಪರಿಚಿತವಲ್ಲ. ಆ ಭಾಗದ ಅದಿರು ಹೊತ್ತ ಲಾರಿಗಳು ಘಟ್ಟ ಇಳಿದು ನಮ್ಮ ಬಂದರುಗಳಿಗೆ ಬರುತ್ತಿದ್ದ ದಿನಗಳನ್ನು ನಾವು ಕಂಡಿದ್ದೇವೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಕುಟುಂಬಗಳು ಕಟ್ಟಡ ಕೆಲಸಕ್ಕೆಂದು ಮಂಗಳೂರು, ಉಡುಪಿಗೆ ಬಂದು ನೆಲೆಸುತ್ತವೆ. ಅವರ ಮಕ್ಕಳು ನಮ್ಮ ಶಾಲೆಗಳಲ್ಲಿ ಓದುತ್ತಾರೆ. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದ ಧರ್ಮಗುರುಗಳಲ್ಲಿ, ಧರ್ಮಭಗಿನಿಯರಲ್ಲಿ ಕರಾವಳಿಯವರೂ ಇದ್ದಾರೆ. ಆದ್ದರಿಂದ ಆ ಮಕ್ಕಳ ಪರಿಸ್ಥಿತಿ ತಿಳಿದಿರುವುದು ನಮಗೂ ಅಗತ್ಯ.

ಎಷ್ಟು ಮಕ್ಕಳಿಗೆ ಈ ತೊಂದರೆ?

ಮಕ್ಕಳ ಮಾನಸಿಕ ತೊಂದರೆ ಎಂದರೆ ಹುಚ್ಚು ಎಂದಲ್ಲ. ಅತಿಯಾದ ಆತಂಕ, ಖಿನ್ನತೆ, ಗಮನ ನಿಲ್ಲದಿರುವುದು ಮತ್ತು ಅತಿ ಚಟುವಟಿಕೆ, ನಡವಳಿಕೆಯ ತೊಂದರೆ, ಭಯಾನಕ ಘಟನೆಯ ನಂತರ ಉಳಿಯುವ ಆಘಾತ, ದೊಡ್ಡ ಮಕ್ಕಳಲ್ಲಿ ಮಾದಕ ವಸ್ತುಗಳ ಚಟ ಇವೆಲ್ಲ ಇದರಲ್ಲಿ ಸೇರುತ್ತವೆ. ಕಲಿಕೆಯ ತೊಂದರೆ, ಬುದ್ಧಿ ಬೆಳವಣಿಗೆಯ ಕೊರತೆ ಮತ್ತು ಆಟಿಸಂ ಇವು ಬೆಳವಣಿಗೆಗೆ ಸಂಬಂಧಿಸಿದವು. ಇವುಗಳಿಗೆ ತಂದೆ ತಾಯಿ ಕಾರಣರಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಆದರೆ ಇಂತಹ ಮಗುವನ್ನು ಮನೆಯೂ ಶಾಲೆಯೂ ಹೇಗೆ ನಡೆಸಿಕೊಳ್ಳುತ್ತವೆ ಎಂಬುದರ ಮೇಲೆ ಅದರ ಮನಸ್ಸಿನ ನೆಮ್ಮದಿ ನಿಂತಿದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 10ರಿಂದ 19 ವರ್ಷದ ಪ್ರತಿ 7 ಮಂದಿಯಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇಕಡಾ 7.3 ಮಂದಿಗೆ ತೊಂದರೆ ಕಂಡುಬಂತು. ಅದಕ್ಕೂ ಮುಂಚೆ ಬೆಂಗಳೂರಿನ ನಗರ, ಕೊಳೆಗೇರಿ ಮತ್ತು ಹಳ್ಳಿಗಳ 16 ವರ್ಷದೊಳಗಿನ ಮಕ್ಕಳ ಅಧ್ಯಯನವೊಂದರ ಫಲಿತಾಂಶ 2005ರಲ್ಲಿ ಪ್ರಕಟವಾಗಿತ್ತು. ಅಲ್ಲಿ ಈ ಪ್ರಮಾಣ ಶೇಕಡಾ 12.5. ಅಂದರೆ 40 ಮಕ್ಕಳಿರುವ ಯಾವ ತರಗತಿಯಲ್ಲೂ ಮೂರರಿಂದ ಐದು ಮಕ್ಕಳು ಇಂತಹ ತೊಂದರೆಯಲ್ಲಿ ಇರಬಹುದು. ಅದು ಹೊಸಪೇಟೆಯ ತರಗತಿಯೂ ಇರಬಹುದು, ನಮ್ಮ ಧರ್ಮಕೇಂದ್ರದ ಕ್ರೈಸ್ತ ಶಿಕ್ಷಣದ ತರಗತಿಯೂ ಇರಬಹುದು.

ಒಂದು ಹೊರೆ ಅಲ್ಲ, ಹೊರೆಗಳ ರಾಶಿ

'ಮಗುವಿಗೆ ಹೀಗಾಗಲು ಕಾರಣ ಏನು?' ಎಂದು ಕೇಳಿದಾಗ ಜನರು ಒಂದೇ ಕಾರಣ ಹುಡುಕುತ್ತಾರೆ. ಅಪ್ಪನ ಕುಡಿತ, ಇಲ್ಲವೇ ಅಮ್ಮನ ಮುದ್ದು, ಇಲ್ಲವೇ ಮೊಬೈಲು. ಸಂಶೋಧನೆ ಹೇಳುವುದು ಬೇರೆ. ಇಂಗ್ಲೆಂಡಿನ ಮನೋವೈದ್ಯ ಮೈಕೆಲ್ ರಟರ್ ಮತ್ತು ಸಂಗಡಿಗರು 1960 ಮತ್ತು 70ರ ದಶಕಗಳಲ್ಲಿ ಐಲ್ ಆಫ್ ವೈಟ್ ದ್ವೀಪದಲ್ಲಿ ಮತ್ತು ಲಂಡನ್ನಿನ ಬಡ ಬಡಾವಣೆಗಳಲ್ಲಿ ಸುಮಾರು 10 ವರ್ಷದ ಮಕ್ಕಳನ್ನು ಅಧ್ಯಯನ ಮಾಡಿದರು. ಅವರು ಲೆಕ್ಕಕ್ಕೆ ತೆಗೆದುಕೊಂಡ ಹೊರೆಗಳು ಆರು:

1. ತಂದೆ ತಾಯಿಯ ನಡುವಿನ ತೀವ್ರ ಕಲಹ
2. ಬಡತನ ಮತ್ತು ಕೆಳಮಟ್ಟದ ಸಾಮಾಜಿಕ ಸ್ಥಿತಿ
3. ಇಕ್ಕಟ್ಟಾದ ಮನೆ, ದೊಡ್ಡ ಕುಟುಂಬ
4. ತಂದೆಯ ಅಪರಾಧ ಕೃತ್ಯಗಳು
5. ತಾಯಿಯ ಮಾನಸಿಕ ಕಾಯಿಲೆ
6. ಮಗುವನ್ನು ಮನೆಯಿಂದ ಬೇರ್ಪಡಿಸಿ ಬೇರೆಡೆ ಇರಿಸಿದ್ದು

ಇವುಗಳಲ್ಲಿ ಒಂದೇ ಒಂದು ಹೊರೆ ಇದ್ದ ಮಕ್ಕಳಿಗೆ ಅಪಾಯ ಹೆಚ್ಚಿರಲಿಲ್ಲ. ಎರಡು ಒಟ್ಟಾದಾಗ ಅದು ಸುಮಾರು ನಾಲ್ಕು ಪಟ್ಟು ಏರಿತ್ತು. ನಾಲ್ಕು ಮತ್ತು ಅದಕ್ಕಿಂತ ಹೆಚ್ಚು ಸೇರಿದಾಗ ಇನ್ನೂ ಬಹಳ ಮೇಲೆ ಹೋಗಿತ್ತು. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಬಾಲ್ಯದ ಕಹಿ ಅನುಭವಗಳ ಅಧ್ಯಯನವೂ ಇದೇ ದಾರಿಯಲ್ಲಿ ಸಾಗಿತು. ಬಾಲ್ಯದಲ್ಲಿ ಕಹಿ ಅನುಭವಗಳ ಸಂಖ್ಯೆ ಹೆಚ್ಚಾದಂತೆ ಮುಂದೆ ಖಿನ್ನತೆ, ಕುಡಿತದ ಚಟ, ಆತ್ಮಹತ್ಯೆ ಯತ್ನ ಹೆಚ್ಚಾಗಿದ್ದವು.

ಇದರಿಂದ ನಾವು ಕಲಿಯಬೇಕಾದ ಪಾಠ ಸರಳ. ಬಡತನ ಒಂದೇ ಮಗುವನ್ನು ಕಾಯಿಲೆಗೆ ತಳ್ಳುವುದಿಲ್ಲ. ಬಡತನಕ್ಕೆ ಜಗಳ, ಜಗಳಕ್ಕೆ ಕುಡಿತ, ಕುಡಿತಕ್ಕೆ ಹೊಡೆತ ಸೇರುತ್ತಾ ಹೋದಾಗ ಮಗು ಕುಸಿಯುತ್ತದೆ. ಹಾಗಾದರೆ ಎಲ್ಲ ಹೊರೆಯನ್ನೂ ಇಳಿಸಲಾಗದಿದ್ದರೂ ಒಂದನ್ನು ಇಳಿಸಿದರೆ ಪ್ರಯೋಜನ ಉಂಟು.

ಕುಟುಂಬದ ಅಂಶಗಳು

ಕಲಹ ಮತ್ತು ಕುಡಿತ: ಮಕ್ಕಳು ಜಗಳದ ಮಾತು ಅರ್ಥವಾಗದಿದ್ದರೂ ಅದರ ಸ್ವರ ಅರ್ಥಮಾಡಿಕೊಳ್ಳುತ್ತಾರೆ. ಕುಡಿದು ಬರುವ ತಂದೆಯ ಹೆಜ್ಜೆ ಸಪ್ಪಳಕ್ಕಾಗಿ ಕಿವಿಗೊಟ್ಟು ಮಲಗುವ ಮಗುವಿಗೆ ನಿದ್ದೆ ಹತ್ತುವುದಿಲ್ಲ. ಮರುದಿನ ಶಾಲೆಯಲ್ಲಿ ಪಾಠ ತಲೆಗೆ ಹೋಗುವುದಿಲ್ಲ. 'ನನ್ನಿಂದಲೇ ಜಗಳ' ಎಂದು ಅನೇಕ ಮಕ್ಕಳು ತಮ್ಮನ್ನೇ ದೂರಿಕೊಳ್ಳುತ್ತಾರೆ.

ತಾಯಿಯ ಖಿನ್ನತೆ: ಹೆರಿಗೆಯ ನಂತರವೂ ಆಮೇಲೂ ತಾಯಿ ಖಿನ್ನತೆಗೆ ಒಳಗಾದರೆ ಮಗುವಿನೊಡನೆ ಮಾತು, ನಗು, ಆಟ ಕಡಿಮೆಯಾಗುತ್ತದೆ. ಇದು ಆಕೆಯ ತಪ್ಪಲ್ಲ. ತಾಯಿಗೆ ಚಿಕಿತ್ಸೆ ಕೊಡಿಸುವುದು ಮಗುವಿಗೂ ಕೊಟ್ಟ ಚಿಕಿತ್ಸೆಯೇ.

ಹೊಡೆತ ಮತ್ತು ಹೀಯಾಳಿಕೆ: 'ಹೊಡೆಯದೆ ಮಕ್ಕಳು ಬುದ್ಧಿ ಕಲಿಯುವುದಿಲ್ಲ' ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಹೊಡೆತದಿಂದ ಮಗು ಹೆದರುವುದನ್ನು, ಸುಳ್ಳು ಹೇಳುವುದನ್ನು, ತನಗಿಂತ ಚಿಕ್ಕವರಿಗೆ ಹೊಡೆಯುವುದನ್ನು ಕಲಿಯುತ್ತದೆ. ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಹಿಂಸೆಯನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ.

ಅಗಲಿಕೆ: ದುಡಿಮೆಗಾಗಿ ತಂದೆ ತಾಯಿ ಇಬ್ಬರೂ ಊರು ಬಿಟ್ಟಾಗ ಮಗು ಅಜ್ಜಿಯ ಬಳಿ ಉಳಿಯುತ್ತದೆ, ಇಲ್ಲವೇ ಹಾಸ್ಟೆಲು ಸೇರುತ್ತದೆ, ಇಲ್ಲವೇ ಅವರೊಡನೆ ಹೊರಟು ಶಾಲೆ ಬಿಡುತ್ತದೆ. ಮೂರರಲ್ಲೂ ನಷ್ಟವಿದೆ. ಪ್ರೀತಿಯ ಅಜ್ಜಿ ಇದ್ದರೆ ನಷ್ಟ ಕಡಿಮೆ. ನಿಗದಿತವಾಗಿ ಫೋನು ಮಾಡುವ, ಹೇಳಿದ ದಿನ ಬರುವ ಹೆತ್ತವರು ಇದ್ದರೆ ಇನ್ನೂ ಕಡಿಮೆ.

ಸಾಮಾಜಿಕ ಅಂಶಗಳು: ನಾಲ್ಕು ಊರು, ನಾಲ್ಕು ಬಗೆಯ ಹೊರೆ

ಸಂಡೂರು: ಇಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ಹಳೆಯದು. 2000ರ ನಂತರ ಚೀನಾದ ಬೇಡಿಕೆಯಿಂದ ಅದು ಮಿತಿಮೀರಿ ಬೆಳೆಯಿತು. ಸಂಡೂರು, ಹೊಸಪೇಟೆ ಸುತ್ತಮುತ್ತ ಹೊಲಗಳಲ್ಲೂ ಅದಿರು ಅಗೆದರು. ವಲಸೆ ಬಂದ ಕುಟುಂಬಗಳು ಟಾರ್ಪಾಲಿನ ಗುಡಿಸಲುಗಳಲ್ಲಿ ಇದ್ದು, ಮಕ್ಕಳನ್ನೂ ಕೂರಿಸಿಕೊಂಡು ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದ ಸಂಗತಿ ಆ ದಿನಗಳ ವರದಿಗಳಲ್ಲಿ ದಾಖಲಾಗಿದೆ. 18 ವರ್ಷದೊಳಗಿನವರನ್ನು ಗಣಿಯಲ್ಲಿ ದುಡಿಸುವುದು ಕಾನೂನಿಗೆ ವಿರುದ್ಧ ಎಂಬುದು ಆಗಲೂ ಇತ್ತು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ವರದಿಗಳು 2008 ಮತ್ತು 2011ರಲ್ಲಿ ಬಂದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರಲ್ಲಿ ಷರತ್ತಿನೊಂದಿಗೆ ಒಂದು ಭಾಗಕ್ಕೆ ಮಾತ್ರ ಅನುಮತಿ ನೀಡಿತು. ನೆಲ ಉಳಿಸಲು ಈ ಆದೇಶ ಬೇಕಿತ್ತು. ಆದರೆ ಸಾಲ ಮಾಡಿ ಲಾರಿ ಕೊಂಡವರ ಲಾರಿಗಳು ನಿಂತವು, ಕೂಲಿ ನಿಂತಿತು. ದಿಢೀರ್ ಹಣವೂ ದಿಢೀರ್ ಬರಿಗೈಯೂ ಕುಟುಂಬದ ನೆಮ್ಮದಿಗೆ ಒಳ್ಳೆಯದಲ್ಲ. ಹಣ ಬಂದಾಗ ಕುಡಿತ, ಹಣ ಹೋದಾಗ ಸಾಲಗಾರರ ಕಾಟ. ಎರಡನ್ನೂ ಮಕ್ಕಳು ಮನೆಯ ಮೂಲೆಯಲ್ಲಿ ಕುಳಿತು ನೋಡುತ್ತಾರೆ.

ಹೊಸಪೇಟೆ: ಜಿಲ್ಲಾ ಕೇಂದ್ರವಾದ ಈ ನಗರಕ್ಕೆ ಸುತ್ತಲಿನ ಹಳ್ಳಿಗಳಿಂದ ದುಡಿಯುವವರು ಬರುತ್ತಲೇ ಇದ್ದಾರೆ. ಇಕ್ಕಟ್ಟಾದ ಬಾಡಿಗೆ ಮನೆ, ದಿನವಿಡೀ ಹೊರಗಿರುವ ಹೆತ್ತವರು ಇಲ್ಲಿನ ಸಾಮಾನ್ಯ ಚಿತ್ರ. ಇದರ ಜೊತೆ ಈ ಸೀಮೆಯಲ್ಲಿ ದೇವದಾಸಿ ಪದ್ಧತಿಯ ಗಾಯ ಇನ್ನೂ ಪೂರ್ತಿ ಮಾಗಿಲ್ಲ. 1982ರ ಕಾಯಿದೆ ಈ ಪದ್ಧತಿಯನ್ನು ನಿಷೇಧಿಸಿತು. ಆದರೂ ಈ ತಾಯಂದಿರ ಮಕ್ಕಳು ಶಾಲೆಯಲ್ಲಿ 'ನಿನ್ನ ಅಪ್ಪನ ಹೆಸರೇನು?' ಎಂಬ ಪ್ರಶ್ನೆಗೆ ತಲೆ ತಗ್ಗಿಸಬೇಕಾಗುತ್ತಿತ್ತು. ಈ ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕು ಕೊಡುವ ಹೊಸ ಮಸೂದೆಗೆ ರಾಜ್ಯ ವಿಧಾನಮಂಡಲ 2025ರಲ್ಲಿ ಒಪ್ಪಿಗೆ ನೀಡಿತು. ಕಾನೂನು ಅರ್ಜಿಯ ನಮೂನೆಯನ್ನು ಬದಲಿಸಬಲ್ಲದು. ತರಗತಿಯ ಗುಸುಗುಸುವನ್ನು ನಿಲ್ಲಿಸಬೇಕಾದವರು ಶಿಕ್ಷಕರು ಮತ್ತು ನಾವು. ಜಾತಿಯ ಕಾರಣಕ್ಕೆ ಹಿಂದಿನ ಬೆಂಚಿಗೆ ತಳ್ಳಲ್ಪಡುವ ಮಗುವಿನ ನೋವೂ ಇದೇ ಬಗೆಯದು. ಅವಮಾನವು ಬಡತನಕ್ಕಿಂತ ಆಳವಾಗಿ ಮನಸ್ಸಿಗೆ ಇಳಿಯುತ್ತದೆ.

ಹಂಪಿ: 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿಯಲ್ಲಿ ಸ್ಮಾರಕಗಳ ರಕ್ಷಣೆಗೂ ಜನರ ಬದುಕಿಗೂ ತಿಕ್ಕಾಟ ನಡೆದೇ ಇದೆ. 2011ರ ಜುಲೈನಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನಲ್ಲಿದ್ದ ಮನೆ, ಅಂಗಡಿಗಳನ್ನು ತೆರವುಗೊಳಿಸಲಾಯಿತು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಅವರಿಗೆ ಕಡ್ಡಿರಾಂಪುರದ ಬಳಿ ಜಾಗ ತೋರಿಸಲಾಯಿತು. 2020ರಲ್ಲಿ ನದಿಯಾಚೆಯ ವಿರೂಪಾಪುರ ಗಡ್ಡೆಯ ಕಟ್ಟಡಗಳೂ ಉರುಳಿದವು. ಆದೇಶದ ಸರಿ ತಪ್ಪು ಬೇರೆ ವಿಷಯ. ಹುಟ್ಟಿದ ಮನೆ ಕಣ್ಣೆದುರು ಉರುಳುವುದನ್ನು ನೋಡಿದ ಮಗುವಿಗೆ ನೆರೆಹೊರೆ, ಆಟದ ಜಾಗ, ಗೆಳೆಯರು ಒಂದೇ ದಿನದಲ್ಲಿ ಇಲ್ಲವಾಗುತ್ತಾರೆ. ಪರಿಹಾರದ ಪಟ್ಟಿಯಲ್ಲಿ ಜಾಗ, ಹಣ ಇರುತ್ತವೆ. ಮಗುವಿನ ಮನಸ್ಸು ಇರುವುದಿಲ್ಲ. ಇನ್ನು ಪ್ರವಾಸಿಗರ ಹಿಂದೆ ಚಿತ್ರಪಟ, ಹೂವು ಮಾರುತ್ತ ಓಡುವ ಮಕ್ಕಳಿಗೆ ಶಾಲೆ ತಪ್ಪುತ್ತದೆ, ಅಪರಿಚಿತರಿಂದ ಶೋಷಣೆಯ ಅಪಾಯವೂ ಇರುತ್ತದೆ.

ಕಂಪ್ಲಿ: ತುಂಗಭದ್ರೆಯ ದಡದ ಈ ಊರು ಭತ್ತ, ಕಬ್ಬು, ಬಾಳೆಗೆ ಹೆಸರಾದದ್ದು. ನೀರಾವರಿ ಇದ್ದರೂ ಗೊಬ್ಬರ, ಕೂಲಿ, ಗುತ್ತಿಗೆಗೆಂದು ಮಾಡಿದ ಸಾಲ, ಬೆಲೆ ಕುಸಿತ ಇಲ್ಲಿನ ರೈತರನ್ನು ಬಿಟ್ಟಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಅಚ್ಚುಕಟ್ಟಿನ ರೈತರ ಮನೆಗಳಲ್ಲಿ ಬೆಳೆಯ ಚಿಂತೆ ಆವರಿಸಿತು. ಹೀಗೆ ಅಪ್ಪ ಮಾತು ಬಿಟ್ಟು ಕುಳಿತ ಮನೆಯಲ್ಲಿ ಮಕ್ಕಳೂ ಮಾತು ಬಿಡುತ್ತಾರೆ. ಭೂಮಿ ಇಲ್ಲದ ಕೂಲಿಯವರ ಮಕ್ಕಳಿಗೆ ನಾಟಿ, ಕಟಾವಿನ ದಿನಗಳಲ್ಲಿ ಶಾಲೆ ತಪ್ಪುತ್ತದೆ. ಹಿಂದುಳಿದ ಮಗು ನಾಚಿಕೆಯಿಂದಲೇ ಶಾಲೆ ಬಿಡುತ್ತದೆ.

ನಾಲ್ಕೂ ಊರುಗಳಿಗೆ ಸಮಾನವಾದ ಹೊರೆಗಳೂ ಇವೆ. ಬಾಲ್ಯವಿವಾಹ ಅದರಲ್ಲಿ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇಕಡಾ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 15 ವರ್ಷದ ಹುಡುಗಿಗೆ ಶಾಲೆ, ಗೆಳತಿಯರು, ತವರು ಎಲ್ಲವೂ ಒಮ್ಮೆಲೇ ಕೈಬಿಡುತ್ತವೆ. 2020ರ ಮಾರ್ಚಿನಿಂದ ಕೊರೋನಾ ಕಾರಣ ಶಾಲೆ ಮುಚ್ಚಿದಾಗ ಈ ಅಪಾಯ ಹೆಚ್ಚಿತು. ಅದೇ ಸಮಯದಲ್ಲಿ ಪಾಠದ ಹೆಸರಿನಲ್ಲಿ ಮೊಬೈಲು ಎಲ್ಲ ಮನೆಗೂ ಬಂತು. ರಾತ್ರಿಯ ನಿದ್ದೆ ಕೆಡಿಸುವ, ಹಣ ಕಳೆಯುವ ಆಟಗಳು, ಹುಡುಗಿಯರ ಫೋಟೋ ಹಿಡಿದು ಬೆದರಿಸುವುದು ಹಳ್ಳಿಗೂ ತಲುಪಿದವು.

ಬಳ್ಳಾರಿ ದೇಶಕ್ಕೆ ಕೊಟ್ಟ ಮಾದರಿ

ಇಷ್ಟೆಲ್ಲ ಹೊರೆ ಇರುವ ಈ ಸೀಮೆಯೇ ಮಾನಸಿಕ ಆರೋಗ್ಯದಲ್ಲಿ ದೇಶಕ್ಕೆ ದಾರಿ ತೋರಿಸಿತ್ತು ಎಂಬುದು ಬಹಳ ಮಂದಿಗೆ ತಿಳಿಯದು. 1980ರ ದಶಕದ ನಡುಭಾಗದಿಂದ 1990ರ ತನಕ ನಿಮ್ಹಾನ್ಸ್ ಸಂಸ್ಥೆ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಹೊಸಪೇಟೆ, ಸಂಡೂರು ಆಗ ಅದೇ ಜಿಲ್ಲೆಯಲ್ಲಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡಲಾಯಿತು. ಮಾನಸಿಕ ಕಾಯಿಲೆಯನ್ನು ಗುರುತಿಸಿ, ಹತ್ತಿರದ ಕೇಂದ್ರದಲ್ಲೇ ಔಷಧಿ ಕೊಟ್ಟು, ಕಠಿಣವಾದವರನ್ನು ಮಾತ್ರ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವ ವ್ಯವಸ್ಥೆ ಅದು. 1996ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ 'ಬಳ್ಳಾರಿ ಮಾದರಿ'ಯೇ ತಳಹದಿಯಾಯಿತು.

ಆ ಪ್ರಯೋಗದ ಮುಖ್ಯ ಗಮನ ತೀವ್ರ ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗದ ಮೇಲಿತ್ತು. ಮೌನವಾಗಿ ನರಳುವ ಮಗು ಅದರ ಕಣ್ಣಿಗೆ ಅಷ್ಟಾಗಿ ಬೀಳಲಿಲ್ಲ. ಆದರೆ ಅದು ಕಲಿಸಿದ ಒಂದು ಪಾಠ ಇಂದಿಗೂ ನಿಜ: ತಜ್ಞರು ದೂರದಲ್ಲಿದ್ದರೂ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ತೊಂದರೆಯನ್ನು ಬೇಗ ಗುರುತಿಸಬಲ್ಲರು. ಮಕ್ಕಳ ವಿಷಯದಲ್ಲಿ ಆ ಕಾರ್ಯಕರ್ತರು ಅಂಗನವಾಡಿಯವರೂ ಆಶಾ ಕಾರ್ಯಕರ್ತೆಯರೂ ಶಿಕ್ಷಕರೂ ಹೌದು. ನಮ್ಮಲ್ಲಿ ಗುರಿಕಾರರೂ ಕ್ರೈಸ್ತ ಶಿಕ್ಷಣದ ಶಿಕ್ಷಕರೂ ಹೌದು.

ಗುರುತಿಸುವುದು ಹೇಗೆ?

ಈ ಕೆಳಗಿನವು ಎರಡು ವಾರಕ್ಕಿಂತ ಹೆಚ್ಚು ಕಾಲ ಇದ್ದು, ಮಗುವಿನ ಓದು, ಆಟ, ಊಟ ಕೆಡುತ್ತಿದ್ದರೆ ಗಮನಿಸಬೇಕು:

- ಆಟ ಬಿಟ್ಟು ಒಂಟಿಯಾಗಿ ಕುಳಿತುಕೊಳ್ಳುವುದು, ಸಣ್ಣದಕ್ಕೂ ಅಳುವುದು ಅಥವಾ ಸಿಡುಕುವುದು
- ನಿದ್ದೆ, ಹಸಿವು ಬದಲಾಗುವುದು. ಮೂತ್ರ ನಿಲ್ಲುತ್ತಿದ್ದ ಮಗು ಮತ್ತೆ ಹಾಸಿಗೆ ಒದ್ದೆ ಮಾಡುವುದು
- ವೈದ್ಯರಿಗೆ ಕಾರಣ ಸಿಗದ ಹೊಟ್ಟೆನೋವು, ತಲೆನೋವು, ಮೂರ್ಛೆ
- ಚೆನ್ನಾಗಿ ಓದುತ್ತಿದ್ದ ಮಗು ಹಠಾತ್ತನೆ ಹಿಂದೆ ಬೀಳುವುದು, ಶಾಲೆಗೆ ಹೋಗಲು ಹೆದರುವುದು
- ಕಳ್ಳತನ, ಹೊಡೆದಾಟ, ಮನೆ ಬಿಟ್ಟು ಓಡುವುದು
- ನಿರ್ದಿಷ್ಟ ವ್ಯಕ್ತಿಯನ್ನು ಅಥವಾ ಸ್ಥಳವನ್ನು ಕಂಡರೆ ಭಯ
- 'ನಾನು ಇರಬಾರದಿತ್ತು', 'ಸತ್ತರೆ ಸಾಕು' ಎಂಬ ಮಾತು, ಮೈ ಗಾಯ ಮಾಡಿಕೊಳ್ಳುವುದು

ಕೊನೆಯದಕ್ಕೆ ಎರಡು ವಾರ ಕಾಯಬಾರದು. 'ಹೆದರಿಸಲು ಹೇಳುತ್ತಾನೆ' ಎಂದು ತಳ್ಳಿಹಾಕಬಾರದು. ಮಗುವನ್ನು ಒಂಟಿಯಾಗಿ ಬಿಡದೆ, ಕೀಟನಾಶಕದಂತಹವನ್ನು ಕೈಗೆ ಸಿಗದಂತೆ ಇಟ್ಟು, ಅದೇ ದಿನ ವೈದ್ಯರಿಗೆ ತೋರಿಸಬೇಕು. ಹೊಲದ ಔಷಧಿಯನ್ನು ಮನೆಯೊಳಗೆ ಇಡುವ ಕಂಪ್ಲಿಯಂತಹ ಕೃಷಿ ಊರುಗಳಲ್ಲಿ ಈ ಎಚ್ಚರಿಕೆ ಜೀವ ಉಳಿಸುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಮಕ್ಕಳ ಬಳಿ ಯಾರಾದರೂ ಹಿರಿಯರು ಇರಲಿ. 2024ರಿಂದ ರಾಜ್ಯದಲ್ಲಿ ಒಂದೇ ವರ್ಷ ಪರೀಕ್ಷೆ ಬರೆಯಲು ಹೆಚ್ಚಿನ ಅವಕಾಶಗಳಿವೆ ಎಂಬುದನ್ನು ಫಲಿತಾಂಶಕ್ಕೆ ಮುಂಚೆಯೇ ಹೇಳಿ.

ಮಗುವನ್ನು ಕಾಯುವುದು ಯಾವುದು?

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಳ ಕಾಲ ಗಮನಿಸಿದರು. ಬಡತನ, ಕಲಹ, ಹೆತ್ತವರ ಕುಡಿತ ಮುಂತಾದ ಹಲವು ಹೊರೆ ಹೊತ್ತ ಮಕ್ಕಳಲ್ಲೂ ಮೂರನೇ ಒಂದು ಭಾಗದವರು ಚೆನ್ನಾಗಿ ಬೆಳೆದರು. ಅವರಲ್ಲಿ ಸಮಾನವಾಗಿ ಕಂಡ ಸಂಗತಿಗಳಲ್ಲಿ ಒಂದು, ಮಗುವನ್ನು ಇದ್ದಂತೆಯೇ ಒಪ್ಪಿಕೊಂಡ ಕನಿಷ್ಠ ಒಬ್ಬ ಹಿರಿಯ ವ್ಯಕ್ತಿ. ಅದು ತಾಯಿಯೇ ಆಗಬೇಕೆಂದಿಲ್ಲ. ಅಜ್ಜಿ, ಚಿಕ್ಕಪ್ಪ, ಶಿಕ್ಷಕಿ, ಪಕ್ಕದ ಮನೆಯ ಅಕ್ಕ ಯಾರೂ ಆಗಬಹುದು. ಗಣಿಯ ಧೂಳನ್ನಾಗಲಿ ಜಲಾಶಯದ ಗೇಟನ್ನಾಗಲಿ ನಾವು ಸರಿಪಡಿಸಲಾರೆವು. ಆ ಒಬ್ಬ ವ್ಯಕ್ತಿ ಆಗಬಲ್ಲೆವು.

ಧರ್ಮಕೇಂದ್ರಗಳಲ್ಲಿ ಮಾಡಬಹುದಾದ ಕಾರ್ಯಗಳು

1. ಶಾಲೆ ತಪ್ಪಿಸುವ ಮಗುವಿನ ಮನೆಗೆ ವಾರದೊಳಗೆ ಭೇಟಿ ನೀಡುವುದು. ಹೋದಾಗ ಉಪದೇಶಕ್ಕಿಂತ ಮೊದಲು ಕೇಳಿಸಿಕೊಳ್ಳುವುದು.
2. ವಲಸೆ ಬಂದ ಕಾರ್ಮಿಕರ ಮಕ್ಕಳನ್ನು, ಅವರು ಯಾವ ಧರ್ಮದವರೇ ಇರಲಿ, ಹತ್ತಿರದ ಶಾಲೆಗೆ ಸೇರಿಸಲು ನೆರವಾಗುವುದು. ವರ್ಗಾವಣೆ ಪತ್ರ ಇಲ್ಲವೆಂದು ಎಂಟನೇ ತರಗತಿವರೆಗೆ ಪ್ರವೇಶ ನಿರಾಕರಿಸುವಂತಿಲ್ಲ.
3. ಕುಡಿತ ಬಿಡಲು ಬಯಸುವ ತಂದೆಗೆ ಚಿಕಿತ್ಸೆಯ ದಾರಿ ತೋರಿಸುವುದು. ಆ ಅವಧಿಯಲ್ಲಿ ಮನೆಗೆ ಅಕ್ಕಿ, ಮಕ್ಕಳಿಗೆ ಪುಸ್ತಕ ಒದಗಿಸುವುದು.
4. ಪ್ರಾರ್ಥನೆಯ ಜೊತೆ ಚಿಕಿತ್ಸೆಯೂ ಬೇಕೆಂದು ತಿಳಿಹೇಳುವುದು. ಮಗುವನ್ನು ದೆವ್ವ ಬಿಡಿಸುವವರ ಬಳಿ ಕೊಂಡೊಯ್ದು ಹೊಡೆಸುವುದನ್ನು ತಡೆಯುವುದು.
5. ಮಗು ಹೇಳಿದ ಗುಟ್ಟನ್ನು ಊರಿಗೆ ಹರಡದಿರುವುದು. ಆದರೆ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಆರೋಪ ಯಾರ ಮೇಲೇ ಇರಲಿ, ನಮ್ಮ ಸಂಸ್ಥೆಯೊಳಗಿನವರ ಮೇಲೆಯೇ ಇರಲಿ, ಮುಚ್ಚಿಡುವುದು ಅಪರಾಧ.

ಎಲ್ಲಿ ನೆರವು ಸಿಗುತ್ತದೆ?

ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು. ಅಪಾಯದಲ್ಲಿರುವ ಮಗುವಿಗಾಗಿ, ಬಾಲ್ಯವಿವಾಹ ಮತ್ತು ಬಾಲ ದುಡಿಮೆಯ ಮಾಹಿತಿ ನೀಡಲು 1098 ಮಕ್ಕಳ ಸಹಾಯವಾಣಿ ಇದೆ. ಹೊಸಪೇಟೆ, ಸಂಡೂರು, ಕಂಪ್ಲಿ ಭಾಗದವರು ಮೊದಲು ತಮ್ಮ ಸರಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರು ಯಾವ ದಿನ ಲಭ್ಯ ಎಂದು ವಿಚಾರಿಸಬೇಕು. ಹೆಚ್ಚಿನ ಚಿಕಿತ್ಸೆಗೆ ಜನರು ವಿಮ್ಸ್ ಎಂದು ಕರೆಯುವ ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಕರಾವಳಿಯವರಿಗೆ ಮಂಗಳೂರಿನ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಹೇಳಿದೆ.

ಈ ವಾರ ನಮ್ಮ ವಾಡೆಯಲ್ಲಿ, ತರಗತಿಯಲ್ಲಿ, ಪಕ್ಕದ ಶೆಡ್ಡಿನಲ್ಲಿ ಮಾತು ಕಡಿಮೆ ಮಾಡಿರುವ ಒಂದು ಮಗು ಇದೆಯೇ ಎಂದು ಗಮನಿಸೋಣ. ಇದ್ದರೆ ಅದರ ಹೆಗಲ ಮೇಲಿನ ಹೊರೆಗಳಲ್ಲಿ ಯಾವುದನ್ನು ನಮ್ಮಿಂದ ಇಳಿಸಲು ಸಾಧ್ಯವೋ ಅದರಿಂದಲೇ ಆರಂಭಿಸೋಣ.